ಹೋಲ್ಡಾನ್

ಕೆಸರೆ, ಮೈಸೂರು
14-9-2025, ಭಾನುವಾರ

ಮಾನಸಕ್ಕನಿಗೆ,

ಮೊದಲ ಹಾಳೆಯಲ್ಲಿ ‘ಪ್ರೀತಿಯ’ ಅಂತ ಬರೆದಿದ್ದೆ. ಹೊಡೆದು ಹಾಕಿದರೆ ಕಾಣುತ್ತದೆ ಅಂತ ಹಾಳೆಯನ್ನೇ ಬದಲಾಯಿಸಿದೆ. ಈಗ ಬರೀ ನಿನ್ನ ಹೆಸರಿದೆ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ನೀನು ಮೀಟಿಂಗ್ ಇದೆ ಅಂತ ಇಟ್ಟುಬಿಡುತ್ತೀಯ. ಎದುರಿಗೆ ಬಂದರೆ ನೀನು ಮಾತಾಡುತ್ತೀಯ, ನಾನು ಕಾಫಿ ಮಾಡಲು ಒಳಗೆ ಹೋಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನ ಪಕ್ಕದ ಮನೆ ಮಾದೇವಮ್ಮ ಅಪ್ಪನ ಹತ್ತಿರ ಕೂತಿರುತ್ತಾರಂತೆ. ಆಗ ವಿಜಯನಗರಕ್ಕೆ ಬಂದು, ಇದನ್ನು ನೀನು ಕೊಟ್ಟ ಪ್ಲಾಸ್ಟಿಕ್ ಫೈಲಿನಲ್ಲೇ ಇಟ್ಟು, ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನ ಕೈಗೆ ಕೊಟ್ಟು ಹೋಗುತ್ತೇನೆ. ಮೇಲೆ ಹತ್ತುವುದಿಲ್ಲ.

ಫೈಲಿನಲ್ಲಿರುವ ಅರ್ಜಿಗೆ ನಾನು ಸೈನ್ ಹಾಕಿಲ್ಲ.

ಹೋದ ಸೋಮವಾರ ನೀನೂ ರಾಜೇಶ್ ಭಾವನೂ ಬಂದಿರಿ. ನೀನು ಮೂರು ಕಡೆ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿ, ಇಲ್ಲಿ, ಇಲ್ಲಿ, ಇಲ್ಲಿ ಅಂತ ತೋರಿಸಿದೆ. ಇಬ್ಬರು ಮಕ್ಕಳ ಸೈನೂ ಬೇಕಂತೆ ಅಂದೆ. ನಾನು ಓದಿ ನೋಡುತ್ತೇನೆ ಅಂದಿದ್ದಕ್ಕೆ ನೀನು ಏನಂದೆ, ನೆನಪಿದೆಯಾ? “ಅದ್ರಲ್ಲಿ ಓದಕ್ಕೆ ಏನಿದೆಯೇ? ನಿಂಗೆ ಅದೆಲ್ಲ ಅರ್ಥ ಆಗಲ್ಲ ಬುಡು. ನಾನೆಲ್ಲ ನೋಡಿದೀನಿ.” ಭಾವ ಫೋನಿನಲ್ಲಿ, ಅಪ್ಪನನ್ನು ಬಿಡಲು ನೀವು ಆರಿಸಿದ ಆ ವೃದ್ಧರ ಹೋಮಿನ ಫೋಟೋ ತೋರಿಸಿದರು. ಕನ್ನಡಿಯಂಥ ನೆಲ, ಬಿಳಿ ಹಾಸಿಗೆ, ಪ್ರತಿ ರೂಮಿಗೂ ಕ್ಯಾಮೆರಾ. ಹೆಬ್ಬಾಳದ ಆಫೀಸಿನಲ್ಲಿ ಕೂತೇ ಅಪ್ಪನನ್ನು ಫೋನಿನಲ್ಲಿ ನೋಡಬಹುದು ಅಂತ ನೀನು ಎಷ್ಟು ಖುಷಿಯಿಂದ ಹೇಳಿದೆ! ಅಪ್ಪನನ್ನು ನೋಡುವುದಕ್ಕೆ ಕ್ಯಾಮೆರಾ ಯಾಕಕ್ಕ? ಒಂದೇ ಊರಿನೊಳಗೆ ವಿಜಯನಗರದಿಂದ ಕೆಸರೆ ಎಷ್ಟು ದೂರ? ಯುಗಾದಿ ಆದ ಮೇಲೆ ನೀನು ಬಂದಿದ್ದು ಎರಡು ಸಲ. ಒಂದು ಅಪ್ಪ ಕಳೆದುಹೋದಾಗ. ಇನ್ನೊಂದು ಈ ಪೆನ್ಸಿಲ್ ಗುರುತು ಹಾಕಲು.

ನಾನು ಆ ಅರ್ಜಿಯನ್ನು ಓದಿದೆ. ಎರಡು ದಿನ ಹಿಡಿಯಿತು. ಬೆಳಗ್ಗೆ ಫಾಲ್ಸ್ ಹಾಕಬೇಕಾದ ಸೀರೆಗಳನ್ನು ಪಕ್ಕಕ್ಕಿಟ್ಟು, ಬೆರಳಿಟ್ಟು ಓದಿದೆ. ನಾನು ಓದಿದ್ದು ಐದೇ ಕ್ಲಾಸು, ಆದರೆ ಆ ಐದು ಕ್ಲಾಸನ್ನು ಚೆನ್ನಾಗಿಯೇ ಓದಿದ್ದೇನೆ. ಅಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಬ್ಬರು ಇರಬೇಕಲ್ಲ ಅಂತ ನನ್ನನ್ನು ಬಿಡಿಸಿದಿರಿ. ನೀನು ಡಿಗ್ರಿಯಲ್ಲಿದ್ದೆ. ಅಮ್ಮ ಹೋದ ಮೇಲೆ ಯಾರೂ ನನ್ನನ್ನು ವಾಪಸ್ ಕಳಿಸಲಿಲ್ಲ. ಆಗಲೂ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮೊದಲ ಪುಟದಲ್ಲಿ ‘ಮಾಡುತ್ತಿದ್ದ ಕೆಲಸ’ ಅಂತ ಒಂದು ಗೆರೆ ಇದೆ. ಅಲ್ಲಿ ನೀನು ಮುದ್ದಾದ ಅಕ್ಷರದಲ್ಲಿ ‘ನಿವೃತ್ತ ಸರ್ಕಾರಿ ನೌಕರರು’ ಅಂತ ಬರೆದಿದ್ದೀಯ. ಕಂಡಕ್ಟರ್ ಅಂತ ಬರೆದರೆ ನಿನ್ನ ಕೈ ಸವೆಯುತ್ತಿತ್ತಾ? ಚೆಲುವರಾಜು, ಸಿಟಿ ಬಸ್ ಕಂಡಕ್ಟರ್. ಇಪ್ಪತ್ತೊಂಬತ್ತು ವರ್ಷ. ಅದರಲ್ಲಿ ಹೆಚ್ಚುಕಡಿಮೆ ಅಷ್ಟೂ ವರ್ಷ ಹೆಬ್ಬಾಳದ ಫ್ಯಾಕ್ಟರಿಗಳಿಗೆ ಮೊದಲ ಶಿಫ್ಟಿನವರನ್ನು ಕರೆದುಕೊಂಡು ಹೋಗುವ ಬಸ್ಸು. ಆ ಬಸ್ಸಿನ ಸಂಬಳದಲ್ಲಿ ಓದಿ ನೀನು ಈಗ ಅದೇ ಹೆಬ್ಬಾಳದಲ್ಲಿ ಆಫೀಸಿನ ಕಾರಿನಲ್ಲಿ ಇಳಿಯುತ್ತೀಯ. ನಿನ್ನ ಜೊತೆಯವರಿಗೆ ಗೊತ್ತಾಗಬಾರದು ಅಂತ ಇಟ್ಟುಕೋ, ಅದು ನಿನ್ನ ಇಷ್ಟ. ಆದರೆ ಅಪ್ಪನನ್ನು ನೋಡಿಕೊಳ್ಳುವವರಿಗೂ ಗೊತ್ತಾಗಬಾರದಾ?

ಇದು ಬರೀ ಮರ್ಯಾದೆಯ ಮಾತಲ್ಲ. ಯಾಕೆ ಅಂತ ಹೇಳುತ್ತೇನೆ, ನೀನು ಒಂದು ದಿನವೂ ಬೆಳಗ್ಗೆ ಐದಕ್ಕೆ ಇಲ್ಲಿ ಇದ್ದವಳಲ್ಲ.

ಐದಕ್ಕೆ ಅಪ್ಪ ಏಳುತ್ತಾನೆ. ಶರಟು ಹಾಕಿಕೊಂಡು ಹೊರಡುತ್ತಾನೆ. ಡಾಕ್ಟರು ಮರೆವಿನ ಕಾಯಿಲೆ ಅಂತಾರೆ, ಆದರೆ ಶಿಫ್ಟಿನ ಹೊತ್ತು ಮರೆತಿಲ್ಲ. ಒಂದು ಸಲ ಕಾಲು ಎತ್ತಿದ ಅಂದರೆ ಮುಗಿಯಿತು. ನಿಲ್ಲಪ್ಪ ಅಂದರೆ ನಿಲ್ಲುವುದಿಲ್ಲ. ಕೂತುಕೋ ಅಂದರೆ ಕೂರುವುದಿಲ್ಲ. ಕೈ ಹಿಡಿದರೆ ಹೊಡೆಯುತ್ತಾನೆ. ಹೋದ ವರ್ಷ ದೀಪಾವಳಿ ಆದ ಮೇಲೆ ಹೀಗೇ ಒಂದು ದಿನ ಬೀದಿಯಲ್ಲಿ ನಾನು ಹಿಂದೆ ಓಡುತ್ತಿದ್ದೆ. ಮೇನ್ ರೋಡಿನಲ್ಲಿ ಒಂದು ಬಸ್ಸು ಬಂತು. ಅದರ ಕಂಡಕ್ಟರ್ ಬಾಗಿಲಿನಿಂದ ಕೂಗಿದ: “ಹೋಲ್ಡಾನ್!” ಬಸ್ಸು ನಿಂತಿತು. ಅಪ್ಪನೂ ನಿಂತ. ಒಂದು ಕೈ ಮೇಲೆತ್ತಿ, ಇಲ್ಲದ ಕಂಬಿಯನ್ನು ಹಿಡಿದುಕೊಂಡು, ಇಳಿಯುವವರು ಇಳಿಯಲಿ ಅಂತ ಪಕ್ಕಕ್ಕೆ ಸರಿದು ನಿಂತ. ಆ ಮಾತಿಗೆ ಇಪ್ಪತ್ತೊಂಬತ್ತು ವರ್ಷ ಅಷ್ಟು ದೊಡ್ಡ ಬಸ್ಸು ನಿಂತಿದೆ, ಅಪ್ಪನ ಕಾಲು ನಿಲ್ಲುವುದಿಲ್ಲವಾ?

ಅವತ್ತಿನಿಂದ ನಾನು ಕೂಗುತ್ತೇನೆ. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಬಾಯಿ ಬಿಡದೆ ಆಬ್ಸೆಂಟ್ ಹಾಕಿಸಿಕೊಂಡವಳು ನಾನು. ಹಾಲಿನ ಬೂತಿನ ಮುಂದೆ ಅಷ್ಟು ಜನ ನಿಂತಿರುವಾಗ ಗಂಡಸಿನ ಹಾಗೆ ಕೂಗಬೇಕು. ಮೊದಲ ದಿನ ಎಲ್ಲರೂ ತಿರುಗಿ ನೋಡಿದರು. ಮಾದೇವಮ್ಮ ಹಾಲಿನ ಪ್ಯಾಕೆಟ್ ಹಿಡಿದುಕೊಂಡು, “ಏನವ್ವ ಚಾಮುಂಡಿ, ಬಸ್ಸು ಎಲ್ಲಿಗವ್ವ? ನಂಗೂ ಒಂದು ಸೀಟು ಹಿಡ್ಕೊ ಕಣಮ್ಮ” ಅಂದರು. ಅವತ್ತು ಮನೆಗೆ ಬಂದು ಅತ್ತೆ. ಈಗ ಅಳುವುದಿಲ್ಲ. ಈಗ ಮಾದೇವಮ್ಮನೂ ಕೂಗುತ್ತಾರೆ.

ಬುಧವಾರ ಅಪ್ಪನನ್ನು ಕರೆದುಕೊಂಡು ನೀನು ಆರಿಸಿದ ಜಾಗಕ್ಕೆ ಹೋಗಿದ್ದೆ. ನಿನಗೆ ಹೇಳಲಿಲ್ಲ. ಫೋಟೋದಲ್ಲಿ ಇರುವುದೆಲ್ಲ ನಿಜ. ನೆಲ ಹೊಳೆಯುತ್ತದೆ. ಮ್ಯಾನೇಜರ್ ಒಳ್ಳೆಯ ಮಾತಿನವರು. ಅವರು ನನಗೆ ಎಲ್ಲ ತೋರಿಸುತ್ತಿರುವಾಗ ಅಪ್ಪ ಹೊರಟ. ಇಬ್ಬರು ಬಂದು “ತಾತ, ಕೂತ್ಕೊಳಿ, ತಾತ, ಎಲ್ಲಿಗೋಯ್ತೀರಿ” ಅಂತ ಆಚೆ ಈಚೆ ತೋಳು ಹಿಡಿದರು. ಅಪ್ಪ ಕೊಸರಿದ. ಒಬ್ಬನ ಕನ್ನಡಕ ಬಿತ್ತು. ಹೋಲ್ಡಾನ್ ಅನ್ನಿ ಅಂತ ನಾನು ಹೇಳಿದೆ. ಹೊಸ ಜಾಗ, ಹೊಸ ಜನ, ನನ್ನ ದನಿ ನನಗೇ ಕೇಳಲಿಲ್ಲ. ಎರಡನೇ ಸಲ ಕೂಗಿದೆ. ಅಪ್ಪ ನಿಂತ.

ಹೀಗೆ ಅಂದರೆ ನಿಲ್ಲುತ್ತಾರೆ ಸಾರ್, ಎಲ್ಲರಿಗೂ ಹೇಳಿಡಿ ಅಂತ ಮ್ಯಾನೇಜರಿಗೆ ಬಿಡಿಸಿ ಹೇಳಿದೆ. ಅವರು ನಕ್ಕರು. “ಇಲ್ಲಿ ನಲವತ್ತು ಜನ ಇದಾರೆ ಕಣಮ್ಮ. ಒಬ್ಬೊಬ್ರಿಗೆ ಒಂದೊಂದು ಮಂತ್ರ ಹೇಳ್ಕೊಂಡು ಕೂರಕ್ಕಾಗುತ್ತಾ? ಅದಕ್ಕೆಲ್ಲ ನಮ್ಮ ಪದ್ಧತಿ ಇದೆ.”

ಆ ಪದ್ಧತಿಯನ್ನು ವಾಪಸ್ ಬರುವಾಗ ನೋಡಿದೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಚೆನ್ನಾಗಿ ತಲೆ ಬಾಚಿ ಹೂ ಮುಡಿಸಿದ್ದರು. ಎರಡೂ ಮಣಿಕಟ್ಟನ್ನು ಮೆತ್ತನೆಯ ಬಟ್ಟೆಪಟ್ಟಿಯಲ್ಲಿ ಕುರ್ಚಿಯ ಕೈಗೆ ಕಟ್ಟಿದ್ದರು. ಬೀಳದೆ ಇರಲಿ ಅಂತ, ಅಂದಳು ಅಲ್ಲಿದ್ದ ಹುಡುಗಿ. ಅಜ್ಜಿ ನನ್ನನ್ನು ನೋಡಿ, “ಮಗಾ, ಗಂಟು ಬಿಚ್ಚವ್ವ, ಒಲೆ ಮೇಲೆ ಹಾಲಿಟ್ಟಿದೀನಿ” ಅಂದರು. ಕ್ಯಾಮೆರಾ ಅವರ ತಲೆಯ ಮೇಲೇ ಇತ್ತು. ಅವರ ಮಕ್ಕಳೂ ಎಲ್ಲೋ ಆಫೀಸಿನಲ್ಲಿ ಕೂತು ನೋಡುತ್ತಿದ್ದಿರಬೇಕು. ಫೋನಿನಲ್ಲಿ ಹೂವು ಕಂಡಿರುತ್ತದೆ.

ಮನೆಗೆ ಬಂದು ಅರ್ಜಿಯ ನಾಲ್ಕನೇ ಪುಟ ಮತ್ತೆ ತೆಗೆದೆ. ಹನ್ನೊಂದನೇ ಷರತ್ತು: ‘ಅಗತ್ಯವೆನಿಸಿದಲ್ಲಿ ನಿರ್ಬಂಧ ಕ್ರಮಗಳಿಗೆ ಕುಟುಂಬದ ಪೂರ್ಣ ಒಪ್ಪಿಗೆ ಇರುತ್ತದೆ.’ ಮೊದಲ ಸಲ ಓದಿದಾಗ ನಿರ್ಬಂಧ ಅಂದರೆ ಪಥ್ಯ ಇರಬೇಕು ಅಂದುಕೊಂಡಿದ್ದೆ. ಸಕ್ಕರೆ ಕೊಡುವುದಿಲ್ಲ, ಉಪ್ಪು ಕಮ್ಮಿ, ಹಾಗೆ. ನನಗೆ ಗೊತ್ತಾಗಲಿಲ್ಲ ಸರಿ. ನಿನಗೆ? ಅದರ ಕೆಳಗೆ ನಿನ್ನ ಸೈನ್ ಇದೆ. ತಾರೀಖೂ ಇದೆ. ನೀನು ಓದದೆ ಹಾಕಿದೆಯೋ, ಓದಿ ಹಾಕಿದೆಯೋ? ಯಾವುದು ಅಂದರೂ ನನ್ನ ಸಿಟ್ಟು ಕಮ್ಮಿ ಆಗುವುದಿಲ್ಲ. ಆದರೂ ಹೇಳು.

ಹಾಗಾದರೆ ಎಲ್ಲಿ ಬಿಡೋಣ ಅಂತ ಕೇಳುತ್ತೀಯ. ಮಾದೇವಮ್ಮನ ದೊಡ್ಡತ್ತೆ ಕೊನೆಯ ಎರಡು ವರ್ಷ ಬನ್ನೂರು ರಸ್ತೆಯ ಕಡೆ ಒಂದು ಮನೆಯಲ್ಲಿದ್ದರು. ತಿಮ್ಮಮ್ಮ ಅಂತ, ನರ್ಸ್ ಆಗಿ ರಿಟೈರ್ ಆದವರು ನಡೆಸುತ್ತಾರೆ. ಶುಕ್ರವಾರ ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋದೆ. ನಿನಗೆ ಇಷ್ಟವಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಳೇ ಮನೆ. ಕೆಂಪು ನೆಲ, ಅಲ್ಲಲ್ಲಿ ಬಿರುಕು. ಬಚ್ಚಲಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕ್ಯಾಮೆರಾ ಇಲ್ಲ. ಹನ್ನೊಂದು ಜನ ಇದ್ದಾರೆ. ತಿಮ್ಮಮ್ಮ ನಕ್ಕಿದ್ದನ್ನೂ ನಾನು ನೋಡಲಿಲ್ಲ.

ಅಪ್ಪ ಅಲ್ಲೂ ಹೊರಟ. ಯಾರೂ ತೋಳು ಹಿಡಿಯಲಿಲ್ಲ. ಜಗಲಿ ಉದ್ದಕ್ಕಿದೆ, ಸುತ್ತ ಕಾಂಪೌಂಡ್ ಇದೆ, ಗೇಟು ಹಾಕಿದೆ. ತಿಮ್ಮಮ್ಮ ಅಪ್ಪನ ಪಕ್ಕದಲ್ಲೇ ನಡೆಯುತ್ತಾ ನನ್ನನ್ನು ಕೇಳಿದರು, “ಏನ್ ಕೆಲ್ಸ ಮಾಡ್ತಿದ್ರವ್ವ ನಿಮ್ಮಪ್ಪ?” ಕಂಡಕ್ಟರ್ ಅಂದೆ. “ಮತ್ತೆ ಬಾಯಿ ಬುಟ್ಟು ಹೇಳ್ಬಾರ್ದಾ?” ಅಂತ ನನಗೆ ಗದರಿದರು. ಅಪ್ಪನನ್ನು ಕೇಳಿದರು, “ಕಂಡಕ್ಟರೇ, ಎಲ್ಲಿಗೋಯ್ತದೆ ಬಸ್ಸು?” ಅಪ್ಪ ನಡೆಯುತ್ತಲೇ, “ಹೆಬ್ಬಾಳ, ಹೆಬ್ಬಾಳ. ಬಾಗ್ಲಲ್ಲಿ ನಿಂತ್ಕೊಬೇಡಿ ಕಣ್ರೀ, ಒಳಗ್ ನಡೀರಿ” ಅಂದ. ಅಕ್ಕ, ಅಪ್ಪ ಇಡೀ ಒಂದು ಮಾತು ಆಡಿದ್ದನ್ನು ನಾನು ಕೇಳಿ ನಾಲ್ಕು ತಿಂಗಳಾಗಿತ್ತು.

ಅಲ್ಲಿ ಪ್ರತಿಯೊಬ್ಬರ ಮಂಚದ ಮೇಲೂ ಒಂದೊಂದು ಸ್ಲೇಟು ನೇತುಹಾಕಿದೆ. ಒಂದರಲ್ಲಿ ‘ಮೇಷ್ಟ್ರೇ ಅನ್ನಿ’ ಅಂತಿತ್ತು. ಒಂದರಲ್ಲಿ ‘ಅನ್ನ ಮೊದಲು ತೋರಿಸಿ, ಸಾರು ಆಮೇಲೆ’. ಇನ್ನೊಂದರಲ್ಲಿ ‘ತಂಗಿ ಹೋದ ವಿಷಯ ಹೇಳಬೇಡಿ’. ತಿಮ್ಮಮ್ಮ ಖಾಲಿ ಸ್ಲೇಟೊಂದನ್ನು ಒರೆಸಿ ನನ್ನ ಕೈಗೆ ಕೊಟ್ಟು, ನೀನೇ ಬರಿ ಅಂದರು. ನಾನು ‘ನಿಲ್ಲಿಸಲು: ಹೋಲ್ಡಾನ್’ ಅಂತ ದೊಡ್ಡದಾಗಿ ಬರೆದೆ. ಅವರು ನೋಡಿ, “ಸರಿ, ನಿಂತ್ಕೊಂಡ್ರು. ಊಟಕ್ಕೆ ಕರ್ಕೊಂಡೋಗ್ಬೇಕಲ್ಲ, ಮತ್ತೆ ಹೊರಡಿಸಕ್ಕೆ ಏನನ್ಬೇಕು?” ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಅವರು ದೇವರೇನಲ್ಲ. ಅವರೇ ಹೇಳಿದರು, “ನಂಗೂ ಸಿಟ್ಟು ಬರುತ್ತೆ, ನಾನೂ ಬೈತೀನಿ. ಕಟ್ಟಾಕಲ್ಲ, ಅಷ್ಟೇ. ಇರೋದು ಒಂದೇ ಮಂಚ. ಸೋಮವಾರ ಹತ್ತು ಗಂಟೆವರೆಗೆ ಇಟ್ಟಿರ್ತೀನಿ, ಆಮೇಲೆ ಬೇರೆಯವ್ರಿಗೆ ಕೊಟ್ಬುಡ್ತೀನಿ.” ಅವರ ಅರ್ಜಿ ಒಂದೇ ಹಾಳೆ. ಅದನ್ನೂ ಈ ಫೈಲಿನಲ್ಲಿ ಇಟ್ಟಿದ್ದೇನೆ. ಕೆಲಸದ ಮುಂದೆ ಕಂಡಕ್ಟರ್ ಅಂತ ನಾನೇ ಬರೆದಿದ್ದೇನೆ. ನನ್ನ ಸೈನ್ ಇದೆ. ನಿನ್ನದು ಬೇಕು. ಎಲ್ಲಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಲ್ಲ. ಓದಿ ಹಾಕು.

ನಾಳೆ ಒಂಬತ್ತಕ್ಕೆ, ಅಪ್ಪನನ್ನು ಕರೆದೊಯ್ಯಲು ನೀನು ಹೇಳಿದ ಹೋಮಿನ ವ್ಯಾನ್ ಕೆಸರೆಗೆ ಬರುತ್ತದೆ. ಬರಬೇಡಿ ಅಂತ ಫೋನ್ ಮಾಡು. ಮಾಡದಿದ್ದರೂ ಬಾಗಿಲಿಗೆ ಬೀಗ ಇರುತ್ತದೆ. ನಾನೂ ಅಪ್ಪನೂ ಎಂಟಕ್ಕೇ ಹೊರಟಿರುತ್ತೇವೆ. ಹತ್ತರ ಒಳಗೆ ನೀನು ತಿಮ್ಮಮ್ಮನ ಮನೆಗೆ ಬಾ. ನೀನು ಬರದಿದ್ದರೆ ಆ ಮಂಚ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿರುವ ನೀನೇ ಅಪ್ಪನನ್ನು ಇಟ್ಟುಕೊಳ್ಳಬಾರದಾ ಅಂತ ಕೇಳುತ್ತೀಯ. ಅದೊಂದನ್ನು ಕೇಳಬೇಡ.

ನಿನ್ನ ತಂಗಿ,
ಚಾಮುಂಡೇಶ್ವರಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಫೈಲು ಮುಚ್ಚಿ ಚಪ್ಪಲಿ ಹಾಕಿಕೊಂಡವಳು ಮತ್ತೆ ಬಂದು ಕೂತೆ.

ಜುಲೈನಲ್ಲಿ ಅಪ್ಪ ಕಳೆದುಹೋದಾಗ, ಸ್ನಾನಕ್ಕೆ ಹೋಗಿದ್ದೆ, ಅಷ್ಟರಲ್ಲಿ ಚಿಲಕ ತೆಗೆದು ಹೋಗಿಬಿಟ್ಟ ಅಂತ ನಿಮಗೆಲ್ಲ ಹೇಳಿದ್ದೆ. ಒಂದು ಸ್ನಾನ ಮಾಡೋವಷ್ಟು ಹೊತ್ತು ನೋಡ್ಕೊಳ್ಳಕ್ಕಾಗಲ್ವಾ ಅಂತ ನೀನು ಬೈದೆ. ನಾನು ಸ್ನಾನಕ್ಕೆ ಹೋಗಿರಲಿಲ್ಲ. ಮೂರು ದಿನದಿಂದ ನಿದ್ದೆ ಇರಲಿಲ್ಲ. ಅವತ್ತು ಬೆಳಗ್ಗೆ ಯಾರದೋ ಮದುವೆ ಸೀರೆಯ ಮೇಲೆ ಅಪ್ಪ ಕಾಫಿ ಚೆಲ್ಲಿದ್ದ. ಒರೆಸಲು ಹೋದವಳ ಕೆನ್ನೆಗೆ ಹೊಡೆದ. ಆಮೇಲೆ ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದು ಕಾಲು ಎತ್ತಿ, ನನ್ನನ್ನೇ ನೋಡುತ್ತಾ ನಿಂತ. ಹೊರಡಲು ಯಾರಾದರೂ ಹೇಳಬೇಕು ಅನ್ನುವ ಹಾಗೆ.

ನಾನು “ರೈಟ್, ರೈಟ್” ಅಂದೆ. ಜೋರಾಗಿಯೇ ಅಂದೆ.

ಅಪ್ಪನ ಮುಖ ಅರಳಿತು. ಹೊರಟುಹೋದ. ನಾನು ಬಾಗಿಲು ಹಾಕಿಕೊಂಡು ಮಲಗಿದೆ. ಎರಡು ಗಂಟೆ ನಿದ್ದೆ ಮಾಡಿದೆ ಅಕ್ಕ, ಅಷ್ಟು ಒಳ್ಳೆಯ ನಿದ್ದೆ ಈ ವರ್ಷದಲ್ಲಿ ಇನ್ನೊಂದಿಲ್ಲ. ಸಂಜೆ ಹೆಬ್ಬಾಳದ ಫ್ಯಾಕ್ಟರಿ ಗೇಟಿನ ವಾಚ್‌ಮನ್ ಸಿದ್ದಮಲ್ಲಪ್ಪ ಗುರುತು ಹಿಡಿದು ಫೋನ್ ಮಾಡುವವರೆಗೂ, ಅಪ್ಪ ಸಿಗಲಿ ಅಂತಲೋ ಸಿಗದಿರಲಿ ಅಂತಲೋ ನಾನು ಬೇಡಿಕೊಂಡಿದ್ದು, ನನಗೇ ಗೊತ್ತಿಲ್ಲ.

ಅಪ್ಪನನ್ನು ಹೊರಡಿಸುವ ಮಾತು ಗೊತ್ತಿರುವುದು ನನಗೊಬ್ಬಳಿಗೇ. ಅದಕ್ಕೇ ಅಪ್ಪ ನನ್ನ ಹತ್ತಿರ ಇರಬಾರದು. ನಾಳೆ ಬಾ.