ನೀಲಿ ಮುಚ್ಚಳದ ಪುಟ

ಹಾಸ್ಟೆಲ್,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪ,

ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಬರೆಯುತ್ತಿದ್ದೇನೆ, ಅದಕ್ಕೆ ಮೊದಲೇ ಸಾರಿ. ಇವಳಿಗೇನು ತಲೆ ಕೆಟ್ಟಿದೆಯಾ ಅಂತ ನಿಮಗೆ ಅನ್ನಿಸಬಹುದು. ಆದರೆ ನಿಮ್ಮ ಫೋನ್ ಯಾವಾಗಲೂ ಗಾಜು ಕತ್ತರಿಸುವ ಮೇಜಿನ ಮೇಲೆ, ಸ್ಪೀಕರ್‌ನಲ್ಲೇ ಇರುತ್ತದೆ. ಕೈಗೆ ಗ್ಲೌಸ್ ಇರುತ್ತದೆ, ಸರಿ, ನನಗೆ ಗೊತ್ತು. ಆದರೆ ನಾನು ಹಲೋ ಅಂದ ತಕ್ಷಣ ಕಟಿಂಗ್ ಅಣ್ಣ "ಏನ್ರೀ ಇಂಜಿನಿಯರಮ್ಮಾ, ಊಟ ಆಯ್ತಾ?" ಅಂತ ಕೂಗುತ್ತಾನೆ. ಪಕ್ಕದಂಗಡಿಯ ಟೈಲರ್ ಸಹ ನನ್ನ ಮಾರ್ಕ್ಸ್ ಕೇಳುತ್ತಾರೆ. ಇದು ಅವರೆಲ್ಲರ ಮುಂದೆ ಹೇಳುವ ವಿಷಯ ಅಲ್ಲ. ದಯವಿಟ್ಟು ಮೇಜಿನ ಹತ್ತಿರ ಓದಬೇಡಿ. ಪಿಕಪ್ ಗಾಡಿ ಒಳಗೆ ಕೂತು, ಬಾಗಿಲು ಹಾಕಿಕೊಂಡು ಓದಿ. ಅದು ಸ್ಟಾರ್ಟ್ ಆಗದಿದ್ದರೂ ಕೂರುವುದಕ್ಕಂತೂ ಆಗುತ್ತದಲ್ಲ.

ಅಕ್ಷರ ಸೊಟ್ಟಪಟ್ಟ ಆಗಿದ್ದರೆ ಅದು ವಾಷಿಂಗ್ ಮೆಷಿನ್‌ನಿಂದ. ನಾನು ಬಟ್ಟೆ ಒಗೆಯುವ ರೂಮಿನ ಬೆಂಚಿನ ಮೇಲೆ ಕೂತಿದ್ದೇನೆ. ಈ ಮೆಷಿನ್ ಹಿಂಡುವ ಹೊತ್ತಿಗೆ ಜಾಗ ಬಿಟ್ಟು ನಡೆಯಲು ಶುರು ಮಾಡುತ್ತದೆ, ಬೆಂಚನ್ನೂ ಎಳೆದುಕೊಂಡು ಹೋಗುತ್ತದೆ. ಲ್ಯಾಬ್ ಇತ್ತು, ಹೋಗಿಲ್ಲ. ಬೈಯಬೇಡಿ. ಬೈಯುವುದಕ್ಕೆ ಮುಂದೆ ಇನ್ನೂ ದೊಡ್ಡ ವಿಷಯ ಇದೆ.

ಭಾನುವಾರ ನೀವು ಕೇಳಿದ ಇಂಗ್ಲಿಷ್ ಪತ್ರ ನಾನು ಬರೆದಿಲ್ಲ. ಕಂಪನಿಯವರಿಗೆ ಏನು ಬರೆಯಬೇಕು ಅಂತ ನೀವು ಹೇಳಿದ್ದನ್ನೆಲ್ಲ ಗುರುತು ಹಾಕಿಕೊಂಡಿದ್ದೆ. ಗಾಡಿ ತಗೊಂಡು ಇನ್ನೂ ಎಂಟು ತಿಂಗಳು. ಮೊದಲನೇ ಸಲ ಕಿತ್ತಳೆ ಬಣ್ಣದ ಲೈಟ್ ಬಂತು, ಸೆನ್ಸರ್ ಹಾಕಿದರು. ಎರಡನೇ ಸಲ ಗಾಡಿ ಇಪ್ಪತ್ತರ ಮೇಲೆ ಓಡಲ್ಲ ಅಂತ ಹಟ ಹಿಡಿಯಿತು, ಡೀಸೆಲ್ ಟ್ಯಾಂಕ್ ಬಿಚ್ಚಿ ತೊಳೆದು ಪಂಪ್ ಬದಲಾಯಿಸಿದರು. ಮೂರನೇ ಸಲ ಡ್ಯಾನ್ಸ್ ಸ್ಕೂಲಿನ ಎಂಟಡಿ ಕನ್ನಡಿ ಹೇರಿಕೊಂಡು ಏರು ರಸ್ತೆಯ ನಡುವೆ ನಿಂತೇಬಿಟ್ಟಿತು. ನೀವೂ ಮಾವನೂ ನಾಲ್ಕು ಗಂಟೆ ಬಿಸಿಲಲ್ಲಿ ಆ ಕನ್ನಡಿಗೆ ಕಂಬಳಿ ಹಿಡಿದು ನಿಂತಿರಿ. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆಯುತ್ತಾ, ಕಂಬಳಿ ಜಾರಿದಾಗಲೆಲ್ಲ ತಮ್ಮ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಾ ಹೋದರು ಅಂತ ಹೇಳಿದಿರಿ. ಆಗ ಸ್ಪೀಕರ್‌ನಲ್ಲಿ ಎಲ್ಲರೂ ನಕ್ಕರು. ನೀವು ನಗಲಿಲ್ಲ.

ಆಮೇಲೆ ಸರ್ವಿಸ್ ಸೆಂಟರಿನ ಹುಡುಗ ಡೀಸೆಲ್ ಟ್ಯಾಂಕ್ ಪಕ್ಕದ ನೀಲಿ ಮುಚ್ಚಳ ತೆಗೆದು, ಒಳಗಿನದನ್ನು ಪರೀಕ್ಷೆ ಮಾಡಿ, "ಸಾರ್, ಇದ್ರಲ್ಲಿರೋದು ಹೊಗೆ ಶುದ್ಧ ಮಾಡೋ ಯೂರಿಯಾ ದ್ರಾವಣ ಅಲ್ಲ, ಬರೀ ನೀರು" ಅಂದ. ಯಾರು ಹಾಕಿದ್ದು ಅಂತ ನೀವು ಕೇಳಿದಿರಿ. ಮಾವ "ನಾನೇ ಭಾವ, ತಪ್ಪಾಯ್ತು" ಅಂದ.

ಆ ಇಂಗ್ಲಿಷ್ ಪತ್ರದಲ್ಲಿ, ನಮ್ಮ ಡ್ರೈವರ್ ಬೇಕೆಂದೇ ನೀರು ಹಾಕಿದ್ದಾನೆ, ಅವನನ್ನು ಕೆಲಸದಿಂದ ತೆಗೆದಿದ್ದೇವೆ, ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ, ದಯವಿಟ್ಟು ವಾರಂಟಿ ರದ್ದು ಮಾಡಬೇಡಿ ಅಂತ ಬರೆಯಲು ಹೇಳಿದಿರಿ. "ಡ್ರೈವರ್" ಅಂತಲೇ ಹೇಳಿದಿರಿ, ಅಪ್ಪ. ಅಮ್ಮನ ತಮ್ಮ ಅನ್ನಲಿಲ್ಲ.

ನಾಲ್ಕು ಸಲ ಶುರು ಮಾಡಿದೆ. ನನ್ನ ಇಂಗ್ಲಿಷ್ ಅಷ್ಟೇನೂ ಕೆಟ್ಟದಾಗಿಲ್ಲ, ಆ ಸಾಲು ಬರೆಯುವಷ್ಟು ಬರುತ್ತದೆ. ಆದರೆ ಅದು ಸುಳ್ಳು.

ಈಗ ಹೇಳಿಬಿಡುತ್ತೇನೆ. ನೀಲಿ ಮುಚ್ಚಳದೊಳಗೆ ನೀರು ಹಾಕಲು ಹೇಳಿದ್ದು ನಾನು.

ಗಾಡಿ ಬಂದ ದಿನ ನೆನಪಿದೆಯಾ? ಸ್ಕೂಲ್ ಮುಗಿಸಿ, ಕಾಲೇಜು ಸೇರುವ ಮುಂಚೆ ನಾನು ಮನೆಯಲ್ಲಿದ್ದೆ. ಮಾವ ಒಂದು ಸುತ್ತು ಓಡಿಸಿ ಬಂದು, "ಭಾವ, ಇದು ಗಾಡಿನಾ ಟೀವಿನಾ? ಬೆಲ್ಟ್ ಹಾಕ್ದಿದ್ರೆ ಕೂಗುತ್ತೆ, ಬಾಗ್ಲು ತೆಗೆದ್ರೆ ಕೂಗುತ್ತೆ. ಇದ್ಕಿಂತ ನಮ್ಮಕ್ಕನೇ ವಾಸಿ" ಅಂದಿದ್ದ. ಅವತ್ತಿನಿಂದ ಅದನ್ನು 'ಮೇಡಂ' ಅಂತಲೇ ಕರೆದ. ಹಳೇ ಗಾಡಿ ಮಾರಿದ್ದು ಅವನಿಗೆ ಇಷ್ಟ ಇರಲಿಲ್ಲ, ನಿಜ. ಅದರ ಹೊಟ್ಟೆಕಿಚ್ಚಿಗೇ ಹೊಸದನ್ನು ಹಾಳು ಮಾಡಿದ ಅಂತ ನೀವು ಅಂದುಕೊಂಡಿದ್ದೀರಿ. ಆದರೆ ಇಷ್ಟು ವರ್ಷ ನಿಮ್ಮ ಗಾಜು ಸಾಗಿಸಿದವನು ಅವನು. ಒಂದು ಗಾಜಿಗೂ ಬಿರುಕು ಬಂದಿಲ್ಲ. ಹಂಪ್ ಬಂದರೆ ಉಸಿರು ಹಿಡಿದುಕೊಂಡು ದಾಟಿಸುತ್ತಾನೆ, ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಆ ದಿನ ನೀವು ನನ್ನನ್ನು ಎತ್ತರದ ಸ್ಟೂಲ್ ಮೇಲೆ ಕೂರಿಸಿ, ಕೈಗೆ ಇಂಗ್ಲಿಷ್ ಮ್ಯಾನುಯಲ್ ಕೊಟ್ಟು, "ಓದಿ ಕನ್ನಡದಲ್ಲಿ ಹೇಳು ಪುಟ್ಟಿ" ಅಂದಿರಿ. ಕಟಿಂಗ್ ಅಣ್ಣ, ಟೈಲರ್, ಪಾಲಿಶ್ ಮಾಡುವವರು, ಎಲ್ಲರೂ ಕೆಲಸ ನಿಲ್ಲಿಸಿ ನಿಂತರು. ಹತ್ತು ವರ್ಷಕ್ಕೇ ಹಾಸ್ಟೆಲ್‌ಗೆ ಕಳಿಸಿದ್ದು ಸಾರ್ಥಕ ಆಯ್ತು ಅಂತ ನಿಮ್ಮ ಮುಖದಲ್ಲೇ ಬರೆದಿತ್ತು. ನಾನು ವಾರ್ತೆ ಓದುವವಳ ಹಾಗೆ ಓದಿದೆ. ಅದನ್ನೇ ಆಮೇಲೆ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಪುಟಕ್ಕೆ ನಂಬರ್ ಹಾಕಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಇಟ್ಟೆ.

ಅಪ್ಪ, ಹಾಸ್ಟೆಲ್‌ನಲ್ಲಿ ನನಗೆ ಕಲಿಸಿದ ಇಂಗ್ಲಿಷ್ ಬೇರೆ. ನನ್ನ ಪ್ರೀತಿಯ ಋತು, ರಜೆಗೆ ಅನುಮತಿ ಕೇಳಿ ಪತ್ರ, ಅಂಥದ್ದು. ಮ್ಯಾನುಯಲ್‌ನ ಆ ಪುಟದಲ್ಲಿ ಅರ್ಧಕ್ಕರ್ಧ ಪದ ನಾನು ಕಣ್ಣಲ್ಲೂ ಕಂಡಿರಲಿಲ್ಲ. ಇನ್ನು ಕನ್ನಡದಲ್ಲಾದರೂ ಗೊತ್ತಿತ್ತಾ ಅಂದರೆ ಅದೂ ಇಲ್ಲ. ನೀಲಿ ಮುಚ್ಚಳದ ಚಿತ್ರ ಇತ್ತು, ಅದರ ಪಕ್ಕ ಒಂದು ಹನಿಯ ಗುರುತು ಇತ್ತು. ಮೂಲೆಯಲ್ಲಿ ಹಳೇ ಗಾಡಿಯ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಕಾಣಿಸುತ್ತಿತ್ತು. "ಇದು ಗೊತ್ತಾಗ್ತಿಲ್ಲ" ಅಂತ ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಊಹೆ ಮಾಡಿ, ಬ್ಯಾಟರಿ ನೀರು ಅಂತ ಓದಿಬಿಟ್ಟೆ. ನೋಟ್‌ಬುಕ್‌ನಲ್ಲೂ ಹಾಗೇ ಬರೆದೆ, ಒಂಬತ್ತನೇ ಪುಟದಲ್ಲಿ. ಅದೇ ನೋಟ್‌ಬುಕ್ ಬಗ್ಗೆ ನೀವು ಭಾನುವಾರ "ನನ್ ಮಗಳು ಅಷ್ಟು ಮುದ್ದಾಗಿ ಬರ್ದಿಟ್ಟಿದ್ದಾಳೆ, ಇವ್ನಿಗೆ ಓದೋಕೆ ಏನ್ ರೋಗ?" ಅಂದಿರಿ. ಅವನು ಓದಿದ್ದಾನೆ, ಅಪ್ಪ. ಓದಿದ್ದಕ್ಕೇ ಹೀಗಾಯಿತು.

ಒಬ್ಬಳು ಬಕೆಟ್ ಹಿಡಿದುಕೊಂಡು ಬಂದು ನಿಂತಿದ್ದಾಳೆ, ನಿನ್ನ ಬಟ್ಟೆ ಯಾವಾಗ ತೆಗೀತೀಯಾ ಅಂತ. ಇನ್ನೂ ಐದು ನಿಮಿಷ ಅಂದೆ. ಮೆಷಿನ್ ನಿಂತು ಆಗಲೇ ಸುಮಾರು ಹೊತ್ತಾಗಿದೆ.

ಇಲ್ಲಿಗೆ ನಿಲ್ಲಿಸಿ ಲಕೋಟೆಗೆ ಅಂಟು ಹಚ್ಚಿಬಿಡೋಣ ಅನ್ನಿಸುತ್ತಿದೆ. ಗೊತ್ತಿಲ್ಲದೆ ಮಾಡಿದ ತಪ್ಪು ಅಂತ ನೀವು ಕ್ಷಮಿಸಿಬಿಡುತ್ತೀರಿ. ಆದರೆ ಇಷ್ಟೇ ಅಲ್ಲ.

ನನಗೆ ಗೊತ್ತಾಗಿತ್ತು. ಕನ್ನಡಿ ಹೊತ್ತ ಗಾಡಿ ಏರಿನಲ್ಲಿ ನಿಲ್ಲುವುದಕ್ಕೆ ಒಂಬತ್ತು ದಿನ ಮುಂಚೆಯೇ ಗೊತ್ತಾಗಿತ್ತು. ಮಂಗಳವಾರ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಹೊಸ ಡೀಸೆಲ್ ಗಾಡಿಯ ಹೊಗೆ ಪೈಪಿನ ಚಿತ್ರ ಬರೆದರು. ನೀಲಿ ಮುಚ್ಚಳ, ಯೂರಿಯಾ, ಹೊಗೆ ಶುದ್ಧ ಮಾಡುವುದು, ಎಲ್ಲ ಹೇಳಿದರು. ಹಿಂದಿನ ಬೆಂಚಿನಿಂದ ಯಾರೋ "ಸರ್, ಅದ್ರ ಬದ್ಲು ನೀರು ಹಾಕ್ಬಿಟ್ರೆ?" ಅಂದ. ಮೇಷ್ಟ್ರು "ಯಾವ ಪುಣ್ಯಾತ್ಮನಪ್ಪಾ ನೀರು ಹಾಕೋನು?" ಅಂದರು. ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ ಅನ್ನಿಸುತ್ತದೆ, ಪಕ್ಕದವಳು ತಿರುಗಿ ನೋಡಿದಳು.

ಅವತ್ತು ಸಂಜೆಯೇ ಹೇಳೋಣ ಅಂತ ಫೋನ್ ಮಾಡಿದೆ. ಕಾರಿಡಾರ್‌ನಲ್ಲಿ ಆ ಕಡೆ ಈ ಕಡೆ ನಡೆದು ನಡೆದು ವಾಕ್ಯವನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ನೀವು ಫೋನ್ ಎತ್ತಿದವರೇ "ಮೇಡಂ ಈಗ ಸರಿಯಾಗಿ ಓಡ್ತಿದ್ದಾಳೆ ಪುಟ್ಟಿ, ನಿನ್ ಓದು ಹೆಂಗಿದೆ?" ಅಂದಿರಿ. ಸರಿಯಾಗಿದೆ ಅಂತಾಯಿತಲ್ಲ, ಇನ್ನೇಕೆ ಹೇಳುವುದು ಅಂದುಕೊಂಡೆ. "ಚೆನ್ನಾಗಿದೆ" ಅಂದೆ. ನನ್ನ ಓದೂ ಚೆನ್ನಾಗಿಲ್ಲ, ಅದನ್ನು ಇನ್ನೊಂದು ಸಲ ಬರೆಯುತ್ತೇನೆ. ಏರು ರಸ್ತೆಯಲ್ಲಿ ನಿಂತ ದಿನ ನೀವು ಫೋನ್ ಮಾಡಿದಾಗ ಸಹ ನಾನು "ಸೆನ್ಸರ್ ಪ್ರಾಬ್ಲಂ ಇರಬಹುದು ಅಪ್ಪ" ಅಂದೆ. ಗೊತ್ತಿದ್ದೂ ಅಂದೆ.

ಹೋದ ಶನಿವಾರ ಮಾವ ಇಲ್ಲಿಗೆ ಬಂದಿದ್ದ. ಅಮ್ಮನಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಬಂದಿದ್ದ. ಅವನು ಗಾಡಿ ಇಲ್ಲದೆ ಎಲ್ಲಿಗಾದರೂ ಬಂದಿದ್ದನ್ನು ನಾನು ನೋಡಿರುವುದು ಇದೇ ಮೊದಲು. ಭೇಟಿ ಕೋಣೆಯಲ್ಲಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೈ ಎಲ್ಲಿ ಇಡಬೇಕು ಗೊತ್ತಾಗದವನ ಹಾಗೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ, ಸ್ಟೀರಿಂಗ್ ಹಿಡಿದ ಹಾಗೇ. ಜೇಬಿನಿಂದ ಮಡಚಿದ ಹಾಳೆ ತೆಗೆದುಕೊಟ್ಟ. ನನ್ನ ಒಂಬತ್ತನೇ ಪುಟ, ಅವನೇ ಹೇಳಿದ. ಸರ್ವಿಸ್ ಸೆಂಟರಿನವನು ನೀರು ಅಂದ ತಕ್ಷಣ, ನೀವು ಮ್ಯಾನೇಜರ್ ಹತ್ತಿರ ಜಗಳ ಆಡುತ್ತಿರುವಾಗ, ನೋಟ್‌ಬುಕ್‌ನಿಂದ ಅದನ್ನು ಹರಿದುಕೊಂಡಿದ್ದಾನೆ.

"ಒಲೆಗೆ ಹಾಕು ಪ್ರೊಫೆಸರ್" ಅಂದ. "ನಿಮ್ಮಪ್ಪಂಗೆ ಹೇಳ್ಬೇಡ. ನಂಗೆ ಬೈಸ್ಕೊಂಡು ಅಭ್ಯಾಸ ಇದೆ, ನಿಂಗಿಲ್ಲ." ಹಾಸ್ಟೆಲ್‌ನಲ್ಲಿ ಒಲೆ ಎಲ್ಲಿದೆ ಮಾವ ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅವನು ಕೇಳಿದ, "ನಿಂಗೆ ಮೊದ್ಲೇ ಗೊತ್ತಿತ್ತಾ?" ಅಂತ.

ಇಲ್ಲ ಅಂದೆ.

ಅವನು ತಲೆಯಾಡಿಸಿ, "ಅದಕ್ಕೇ ನಾನಂದ್ಕೊಂಡೆ, ಗೊತ್ತಿದ್ರೆ ನಮ್ ಹುಡುಗಿ ಸುಮ್ನಿರ್ತಿರ್ಲಿಲ್ಲ" ಅಂದ. ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದ. ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ, ಅಪ್ಪ. ಊಟದ ಸಾಲಿನಲ್ಲಿ ನಿಂತರೆ ಅರ್ಧಕ್ಕೇ ಹೊರಗೆ ಬರುತ್ತೇನೆ. ಪುಸ್ತಕ ತೆಗೆದರೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ.

ನೀವು ಅವನ ಮನೆಗೆ ಹೋಗಬೇಕು. ಅವನನ್ನು ಅಂಗಡಿಗೆ ಕರೆಸುವುದಲ್ಲ, ನೀವೇ ಹೋಗಬೇಕು. ಅವನು ಕೀಲಿಯನ್ನು ಕಟಿಂಗ್ ಮೇಜಿನ ಮೇಲೆ ಇಟ್ಟು ಹೋದನಂತಲ್ಲ, ಅದನ್ನು ತೆಗೆದುಕೊಂಡು ಹೋಗಿ. ಸೋಮವಾರ ಬರುವವನಿಗೆ ಬೇಡ ಅಂತ ಹೇಳಿಬಿಡಿ. ಅಮ್ಮನಿಗೆ ನಾನೇ ಹೇಳುತ್ತೇನೆ, ಅದು ನಿಮಗೆ ಬೇಡ. ಕಂಪನಿಗೆ ಬೇರೆ ಪತ್ರ ಬರೆಯುತ್ತೇನೆ. ಮ್ಯಾನುಯಲ್ ಓದಿದವಳು ತಪ್ಪಾಗಿ ಓದಿದಳು, ಡ್ರೈವರ್ ತಪ್ಪು ಮಾಡಿಲ್ಲ ಅಂತ. ವಾರಂಟಿ ಹೋದರೆ ಹೋಗಲಿ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ನೀವು ಹೇಳಿದ ಪತ್ರ ನನ್ನ ಕೈಯಲ್ಲಿ ಆಗುವುದಿಲ್ಲ.

ನೀಲಿ ಮುಚ್ಚಳದ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದು, ಸರಿಯಾದ ದ್ರಾವಣ ತುಂಬಿಸಿ ಅಂತ ಸರ್ವಿಸ್‌ನವರಿಗೆ ಹೇಳಿ. ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಮೇಡಂ ತಪ್ಪೇನೂ ಇರಲಿಲ್ಲ, ಪಾಪ. ಅವಳು ಮೊದಲಿನಿಂದಲೂ ನಿಜವೇ ಹೇಳುತ್ತಿದ್ದಳು. ಇನ್ನೊಂದು ವಿಷಯ. ಆ ನೋಟ್‌ಬುಕ್ ಇನ್ನು ನೋಡಬೇಡಿ. ಲೈಬ್ರರಿ ಕಂಪ್ಯೂಟರ್‌ನಲ್ಲಿ ಅದೇ ಮ್ಯಾನುಯಲ್ ಸಿಕ್ಕಿದೆ, ಡಿಕ್ಷನರಿ ಇಟ್ಟುಕೊಂಡು ಮೊದಲಿನಿಂದ ಓದುತ್ತಿದ್ದೇನೆ. ಹದಿನಾಲ್ಕನೇ ಪುಟದ ಟೈರ್ ಗಾಳಿ ಸರಿಯಾಗಿದೆ. ಹದಿನೇಳನೇ ಪುಟದ ಬ್ರೇಕ್ ಆಯಿಲ್ ವಿಷಯವನ್ನು ನಾನು ಅರ್ಧ ಊಹೆ ಮಾಡಿ ಬರೆದಿದ್ದೆ. ಅದನ್ನು ಮಾತ್ರ ಇವತ್ತೇ ಯಾರ ಹತ್ತಿರವಾದರೂ ಕೇಳಿ. ಗೊತ್ತಾಗದ ಕಡೆ ಈ ಸಲ ಖಾಲಿ ಬಿಡುತ್ತಿದ್ದೇನೆ. ತುಂಬಾ ಖಾಲಿ ಇದೆ.

ಬಕೆಟ್‌ನವಳು ನನ್ನ ಬಟ್ಟೆಯನ್ನೆಲ್ಲ ತಾನೇ ತೆಗೆದು ಬೆಂಚಿನ ಮೇಲೆ ಹಾಕಿದ್ದಾಳೆ. ಈ ಹಾಳೆ ಒದ್ದೆ ಆಗಿದ್ದು ಅದಕ್ಕೇ, ನೀವು ಬೇರೆ ಏನೋ ಅಂದುಕೊಳ್ಳಬೇಡಿ.

ನಿಮ್ಮ,
ಪುಟ್ಟಿ

ತಾ.ಕ.: ಒಂಬತ್ತನೇ ಪುಟವನ್ನು ಇದರೊಳಗೇ ಇಟ್ಟಿದ್ದೇನೆ. ನೋಟ್‌ಬುಕ್‌ನಲ್ಲಿ ಎಂಟಾದ ಮೇಲೆ ಹನ್ನೊಂದು ಇರುತ್ತದೆ, ಬೇಕಾದರೆ ನೋಡಿ. ಮಾವ ಕೊಟ್ಟ ದಿನ ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಈಗ ಲಕೋಟೆಗೆ ಹಾಕಲು ಬಿಚ್ಚಿದೆ. ನನ್ನ ಸಾಲಿನ ಪಕ್ಕ ಅವನು ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ್ದಾನೆ, ನಾನು ಬರೆದ ಹಾಗೇ ನೀರು ಹಾಕಿದ್ದಾನೆ ಅನ್ನುವುದಕ್ಕೆ, ಪ್ರತಿ ಸಲವೂ ತಾರೀಖು ಸಮೇತ. ಒಟ್ಟು ನಾಲ್ಕು ಟಿಕ್ ಇವೆ. ಕೊನೆಯದರ ತಾರೀಖು ನೋಡಿ. ಅದು ನಾನು ಕ್ಲಾಸಿನಲ್ಲಿ ನಕ್ಕ ಮಂಗಳವಾರದ ಮಾರನೇ ದಿನ. ಆ ಸಂಜೆ ಫೋನ್‌ನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಇಲ್ಲಿ ಮೂರೇ ಟಿಕ್ ಇರುತ್ತಿದ್ದವು. ಈ ಹಾಳೆಯನ್ನು ಮಾವನಿಗೂ ತೋರಿಸಿ, ನನಗೆ ಮೊದಲೇ ಗೊತ್ತಿತ್ತು ಅಂತ ಅವನಿಗೂ ಹೇಳಿ. ಪತ್ರ ಸಿಕ್ಕಿದ ತಕ್ಷಣ, ಸೋಮವಾರಕ್ಕೆ ಮುಂಚೆ ಫೋನ್ ಮಾಡಿ.