ಪೊರಕೆಯವ್ವನ ಗದ್ದೆ

ಕೆದುಂಗ್‌ಸಾವೊ
ಮಂಗಳವಾರ, ಕ್ಲಿವೊನ್ ಸಂತೆಯ ದಿನ
ಆಗಸ್ಟ್ ೧೯೭೧

ಸುಪಾರ್ಮಿಗೆ,

ಮೇಲೆ ಬರೀ ಹೆಸರು ಇರುವುದನ್ನು ನೋಡಿ ಸಿಟ್ಟಿನಲ್ಲಿ ಬರೆದಿದ್ದೇನೆ ಎಂದುಕೊಳ್ಳಬೇಡ. ಸಿಟ್ಟೇನೂ ಇಲ್ಲ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಮೂರು ಸಲ ಕುಳಿತೆ. ಒಂದು ಸಲ ಟೆಂಪೆ ಕರಿದ ಎಣ್ಣೆ ಹಾಳೆಯ ಮೇಲೆ ಚೆಲ್ಲಿತು. ಇನ್ನೊಂದು ಸಲ ನಿನ್ನ ಅಣ್ಣನ ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು, ಅವಳ ಎದುರಿಗೆ ಬರೆಯುವ ಮಾತಲ್ಲ. ಮೂರನೆಯ ಸಲ ಎಲ್ಲ ಸರಿಯಾಗಿತ್ತು, ನನಗೇ ಕೈ ಬರಲಿಲ್ಲ. ನಿನ್ನ ಪೊರಕೆಯವ್ವನೂ ನಾನೂ ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ, ಶಾಲೆಯ ಜಗಲಿಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು. ಅದೂ ಅವಳು ನನ್ನ ಹಲಗೆ ನೋಡಿಕೊಂಡು ಬರೆಯುತ್ತಿದ್ದಳು. ಆದ್ದರಿಂದ ತಡವಾಯಿತೆಂದು ಬಯ್ಯಬೇಡ.

ಯಾತಿಯ ಕೆಮ್ಮು ಹೇಗಿದೆ? ಶುಂಠಿಗೆ ತಾಳೆಬೆಲ್ಲ ಹಾಕಿ ಕುದಿಸಿ ಕೊಡು. ನೀನು ಅಡುಗೆಗಿರುವ ಮನೆಯ ಒಡತಿ ಅಡುಗೆಮನೆಯ ಮೂಲೆಯಲ್ಲೇ ಮಗುವನ್ನು ಮಲಗಿಸು ಎನ್ನುತ್ತಾಳೆ ಎಂದು ಬರೆದಿದ್ದೆ. ಹಸಿ ನೆಲದಲ್ಲಿ ಮಲಗಿದರೆ ಕೆಮ್ಮು ಬಾರದೆ ಇನ್ನೇನು ಬರುತ್ತದೆ? ಸೆಮರಾಂಗಿನ ದೊಡ್ಡ ಮನೆಯವರಿಗೆ ಒಂದು ಮಂಚಕ್ಕೆ ಗತಿಯಿಲ್ಲವೇ? ಇಲ್ಲಿ ಕಾಲುವೆಯಲ್ಲಿ ನೀರು ಇಳಿದಿದೆ, ಕೆಳಗಿನ ಗದ್ದೆಗಳಿಗೆ ಸರದಿಯ ಮೇಲೆ ಬಿಡುತ್ತಿದ್ದಾರೆ. ನಿನ್ನ ಅಣ್ಣ ಹಿತ್ತಲಿನಲ್ಲಿ ಮರಗೆಣಸು ನೆಟ್ಟಿದ್ದಾನೆ. ಹಿತ್ತಲು ಅವನದು, ನೆಡಲಿ.

ಇನ್ನು ಸುತ್ತಿ ಬಳಸುವುದಿಲ್ಲ. ಪೊರಕೆಯವ್ವನ ಗದ್ದೆ ನಿನ್ನದಾಯಿತು. ಬಿದಿರು ಮೆಳೆಯ ಕೆಳಗಿನ ಮೂರು ಮಡಿಯೂ, ನೀರು ತಿರುಗುವ ಬಾಯಿಯ ಸಮೇತ. ಊರ ಜಮೀನಿನ ಪುಸ್ತಕದಲ್ಲಿ ಬರೆದಾಗಿದೆ. ನೀನು ಇನ್ನು ಯಾರ ಅಡುಗೆಮನೆಯಲ್ಲೂ ಒಲೆ ಊದಬೇಕಾಗಿಲ್ಲ. ಓದಿ ಒಂದು ಸಲ ನಕ್ಕುಬಿಡು, ಆಮೇಲೆ ಮುಂದಿನದನ್ನು ಓದು.

ನಿನ್ನನ್ನು ಕಸದ ಗುಂಡಿಯಲ್ಲಿ ಎಸೆದ ಕಥೆಯನ್ನು ಎಷ್ಟು ಸಲ ಕೇಳಿಲ್ಲ ನೀನು! ಊಟಕ್ಕೆ ಹಟ ಮಾಡಿದಾಗಲೆಲ್ಲ "ಅದೇ ಗುಂಡಿಗೆ ಮತ್ತೆ ಹಾಕ್ತೀನಿ ನೋಡು" ಅನ್ನುತ್ತಿದ್ದೆ. ನೀನು ಹುಟ್ಟಿದ್ದು ನನ್ನ ಹುಟ್ಟಿದ ದಿನದಲ್ಲೇ. ಅದೇ ವಾರ, ಐದು ದಿನಕ್ಕೊಮ್ಮೆ ಬರುವ ಅದೇ ಸಂತೆ, ಇವತ್ತಿನಂಥ ಕ್ಲಿವೊನ್ ಮಂಗಳವಾರ. ತಾಯಿಗೂ ಮಗುವಿಗೂ ದಿನ ಒಂದೇ ಆದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ಸೂಲಗಿತ್ತಿ ಅಜ್ಜಿ ತಲೆ ಕೊಡವಿದಳು. ಮಗು ಬೇರೆಯವರದು ಎನಿಸಲು ನಮ್ಮಲ್ಲಿ ಮಾಡುವುದನ್ನೇ ಮಾಡಿದೆವು. ಹಸಿಗೂಸನ್ನು ಬಾಳೆಎಲೆಯಲ್ಲಿ ಸುತ್ತಿ ಹಿತ್ತಲ ಕಸದ ಗುಂಡಿಯಲ್ಲಿಟ್ಟು ಬಂದೆವು. ಪಕ್ಕದ ಮನೆಯ ವೊಂಗ್ಸೊ ಅಕ್ಕ ಪೊರಕೆ ಹಿಡಿದು ಬಂದು, ಊರಿಗೆಲ್ಲ ಕೇಳಿಸುವಂತೆ, "ಅಯ್ಯೋ, ಯಾರೋ ಮಗೂನ ಬಿಸಾಕವ್ರೆ! ಯಾರಿಗೂ ಬೇಡ್ವಾ? ಹಂಗಾದ್ರೆ ನಂದು!" ಎಂದು ಮೊರಕ್ಕೆ ಗುಡಿಸಿಕೊಂಡು ಹೋದಳು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಅವಳಿಗೆ ಮಗುವಿರಲಿಲ್ಲ. ಅವತ್ತಿನಿಂದ ಅವಳು ನಿನಗೆ ಪೊರಕೆಯವ್ವ.

ಮುಂದಿನ ಅರ್ಧವನ್ನು ನಾನು ನಿನಗೆ ಸರಿಯಾಗಿ ಹೇಳಿಲ್ಲ. ಎತ್ತಿಕೊಂಡವಳ ಮನೆಯಲ್ಲಿ ಮಗು ಒಂದು ತಿಂಗಳು ಕಳೆಯಬೇಕು. ಆಮೇಲೆ ಹೆತ್ತವಳು ಕಾಸು ಕೊಟ್ಟು ಕೊಂಡುಕೊಳ್ಳಬೇಕು, ಕೆಂಪು ಬಿಳಿ ಗಂಜಿ ಮಾಡಿ ಮನೆಮನೆಗೆ ಹಂಚಬೇಕು. ನಾನು ಒಂದು ತಿಂಗಳಿರಲಿ, ಒಂದು ಹಗಲೂ ತಡೆಯಲಿಲ್ಲ. ಬೇಲಿಯ ಆಚೆಯಿಂದ ನಿನ್ನ ಅಳು ಕೇಳುತ್ತಿತ್ತು, ಇಲ್ಲಿ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಮಧ್ಯಾಹ್ನಕ್ಕೇ ಅವಳ ಹಿಂಬಾಗಿಲಿಗೆ ಹೋಗಿ ಡಚ್ಚರ ಕಾಲದ ಒಂದು ತೂತುಕಾಸು ಹಿಡಿದು ನಿಂತೆ. ಅವಳು ನಿನ್ನನ್ನು ಮಡಿಲಿನಿಂದ ಇಳಿಸಲಿಲ್ಲ. "ತಿಂಗಳು ಬೇಡ ಕಣೇ ಕಸಿನೆಮ್. ಇವತ್ತೊಂದು ರಾತ್ರಿ ನನ್ ಪಕ್ಕ ಮಲಗ್ಲಿ. ಬೆಳಿಗ್ಗೆ ನಾನೇ ತಂದ್ಕೊಡ್ತೀನಿ" ಅಂದಳು. ನಾನು ಕೊಡಲಿಲ್ಲ. ಕಾಸನ್ನು ಅವಳ ಕೈಗೆ ತುರುಕಿ ನಿನ್ನನ್ನು ಎತ್ತಿಕೊಂಡು ಬಂದೆ. ಆ ವರ್ಷ ಮನೆಯಲ್ಲಿ ಹಿಡಿ ಅಕ್ಕಿಯಿರಲಿಲ್ಲ, ಗಂಜಿಯನ್ನೂ ಹಂಚಲಿಲ್ಲ. ನೋಡಿದವಳು ಸೂಲಗಿತ್ತಿ ಅಜ್ಜಿ ಒಬ್ಬಳೇ, ಅವಳು ಹೋಗಿ ಇಪ್ಪತ್ತು ವರ್ಷವಾಯಿತು.

ಪೊರಕೆಯವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಮಾತೂ ಆಡಲಿಲ್ಲ. ನಾಟಿಗೆ, ಕೊಯ್ಲಿಗೆ ಮೊದಲು ನನ್ನನ್ನೇ ಕರೆಯುತ್ತಿದ್ದಳು. ನಿನಗೆ ಬೆರಳುಗತ್ತಿಯಲ್ಲಿ ತೆನೆ ಕೊಯ್ಯುವುದನ್ನು ಕಲಿಸಿದವಳೂ ಅವಳೇ. ನನಗೆ ತಾಳ್ಮೆಯಿರಲಿಲ್ಲ. ನೀನು ಗಂಡನನ್ನು ಬಿಟ್ಟು ಮಗು ಕಟ್ಟಿಕೊಂಡು ಬಂದ ದಿನ ನಾನು ಬಾಗಿಲಲ್ಲಿ ನಿಂತು ಅತ್ತೆ, ಅವಳು ಅನ್ನಕ್ಕಿಟ್ಟಳು. "ಪಾರ್ಮಿ, ನನ್ ಗದ್ದೆ ನಿಂದೇ. ನಾನು ಸತ್ಮೇಲೆ ಬಂದು ಉತ್ಕೋ" ಎಂದು ಎಷ್ಟು ಜನರ ಮುಂದೆ ಹೇಳಿಲ್ಲ! ಬಾಯಲ್ಲಿ ಹೇಳಿದ್ದು ಸಾಕು ಎಂದುಕೊಂಡಿದ್ದಳು. ಕಾಗದ ಮಾಡಲಿಲ್ಲ.

ಅವಳು ತೀರಿಕೊಂಡ ಏಳನೆಯ ದಿನದ ಊಟ ಮುಗಿಸಿ ನೀನು ಸೆಮರಾಂಗಿಗೆ ಹೋದೆಯಲ್ಲ, ನಲವತ್ತನೆಯ ದಿನದ ಊಟಕ್ಕೆ ಅವಳ ತಮ್ಮನ ಮಗ ದಾರ್ಮೊ ಹೊಸ ಟೋಪಿ ಹಾಕಿಕೊಂಡು ಬಂದ. ಆ ಟೋಪಿ ನೋಡಿದಾಗಲೇ ನನಗೆ ಅನುಮಾನ ಬಂತು. ಪ್ರಾರ್ಥನೆ ಮುಗಿಯಿತು. ಗಂಡಸರು ಎಲೆಪೊಟ್ಟಣ ಕಟ್ಟಿಕೊಳ್ಳುತ್ತಿದ್ದರು. ನಾನು ಅಕ್ಕಿಯ ಅಪ್ಪದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ.

"ಎಲ್ರೂ ಇಲ್ಲೇ ಇದೀರ. ಅತ್ತೆ ಗದ್ದೆ ವಿಷ್ಯ ಇವತ್ತೇ ತೀರ್ಮಾನ ಆಗ್ಬಿಡ್ಲಿ" ಎಂದು ದಾರ್ಮೊ ಶುರುಮಾಡಿದ. "ಅದು ನಮ್ಮ ತಾತನ ಗದ್ದೆ. ಅತ್ತೆಗೆ ಮಕ್ಕಳಿಲ್ಲ. ನಮ್ಮನೆಗೇ ವಾಪಸ್ ಬರ್ಬೇಕು."

ಊರ ಮುಖ್ಯಸ್ಥರು ಕಾಫಿಯ ಲೋಟ ಕೆಳಗಿಟ್ಟರು. "ಮಕ್ಕಳಿಲ್ಲ ಅಂತ ಹೆಂಗಂತೀಯಪ್ಪ? ಪಾರ್ಮಿನ ಕಸದ ಗುಂಡಿಯಿಂದ ಎತ್ಕೊಂಡೋರು ಯಾರು? ನಾನು ಆಗ ಚಿಕ್ಕ ಹುಡ್ಗ, ಬೇಲಿ ಹತ್ತಿ ನೋಡಿದ್ದೆ. ಮೊನ್ನೆ ಚಟ್ಟದ ಕೆಳಗೆ ಮಗಳ ಥರ ಮೂರು ಸಲ ಹಾದೋಳೂ ಅವಳೇ."

"ಎತ್ಕೊಂಡ್ರು, ಸರಿ. ಆಮೇಲೆ ಹೆತ್ತೋಳು ಕಾಸು ಕೊಟ್ಟು ಕೊಂಡ್ಕೊಳ್ಳಲ್ವಾ? ಕೊಂಡ್ಕೊಂಡ ಮೇಲೆ ಅತ್ತೆಗೂ ಅವಳಿಗೂ ಏನು ಸಂಬಂಧ?"

"ಕೊಂಡ್ಕೊಂಡಿದ್ರೆ ಗಂಜಿ ಹಂಚ್ತಿದ್ರು. ನಮ್ಮನೆಗಂತೂ ಬರ್ಲಿಲ್ಲಪ್ಪ" ಎಂದು ಹಿಂದಿನಿಂದ ಒಬ್ಬ ಮುದುಕ ಗೊಣಗಿದ.

"ಮೂವತ್ತು ವರ್ಷದ ಹಿಂದಿನ ಗಂಜಿ ಇನ್ನೂ ಮರೆತಿಲ್ವಲ್ಲೋ, ಹೊಟ್ಟೆಬಾಕ!" ಎಂದು ಇನ್ನೊಬ್ಬ ಅಂದ. ಎಲ್ಲರೂ ನಕ್ಕರು. ಮಸೀದಿಯ ಹಿರಿಯರು ಮಾತ್ರ, ಇದು ಗ್ರಂಥದ ಪ್ರಕಾರ ನಡೆಯುವ ಮಾತಲ್ಲ, ಊರ ಪದ್ಧತಿ, ನೀವುಂಟು ನಿಮ್ಮ ಊರುಂಟು ಎಂದು ಎದ್ದು ಹೋದರು.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಕಸಿನೆಮಕ್ಕ, ನೀವೇ ಹೇಳ್ಬೇಕು. ಕೊಂಡ್ಕೊಂಡಿದ್ರೆ ಪಾರ್ಮಿ ನಿಮ್ಮ ಮಗಳು, ಗದ್ದೆ ದಾರ್ಮೊಂದು. ಕೊಂಡಿಲ್ಲ ಅಂದ್ರೆ ಅವಳು ವೊಂಗ್ಸೊ ಅಕ್ಕನ ಮಗಳು, ಗದ್ದೆ ಅವಳ್ದು. ಎರಡೂ ಕಡೆ ಆಗಲ್ಲ. ಯೋಚ್ನೆ ಮಾಡಿ ಹೇಳಿ."

ಯೋಚನೆ ಮಾಡಿದರೆ ಬಾಯಿ ಬರುತ್ತಿರಲಿಲ್ಲ. ಯಾತಿ ಹಸಿ ನೆಲದಲ್ಲಿ ಮಲಗಿರುವುದು ಕಣ್ಣಿಗೆ ಬಂತು. ತಟ್ಟೆ ಹಿಡಿದುಕೊಂಡೇ, "ಕೊಂಡ್ಕೊಂಡಿಲ್ಲ" ಅಂದೆ.

ದಾರ್ಮೊ ಬಿಡುವ ಆಸಾಮಿಯೇ? "ಹಂಗಾದ್ರೆ ಇಷ್ಟು ವರ್ಷ ಯಾರ ಮಗೂನ ಸಾಕ್ದೆ ನೀನು?"

"ವೊಂಗ್ಸೊ ಅಕ್ಕನ ಮಗೂನ. ಅವಳಿಗೆ ಹಾಲಿರ್ಲಿಲ್ಲ, ನಂಗಿತ್ತು. ಕುಡಿಸ್ದೆ. ಅಷ್ಟೇ."

ದಾರ್ಮೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಗುಮಾಸ್ತ ಅಲ್ಲೇ ಪುಸ್ತಕ ಬಿಡಿಸಿ ಬರೆದು, ಓದಿ ಹೇಳಿದ. ಸುಪಾರ್ಮಿ, ವೊಂಗ್ಸೊ ದಂಪತಿಯ ಏಕಮಾತ್ರ ಮಗಳು. ಕೆಳಗೆ ಸಹಿ ಮಾಡು ಎಂದು ಲೇಖನಿ ಚಾಚಿದ. ನನಗೆ ಸಹಿ ಬರುತ್ತದೆ, ನಿನಗೇ ಗೊತ್ತು. ಹೆಸರು ಬರೆಯಲು ಕಲಿತ ದಿನ ಮಸಿಯಲ್ಲಿ ಮನೆಯ ಕಂಬದ ಮೇಲೆಲ್ಲ ಬರೆದು ನಿಮ್ಮಪ್ಪನಿಂದ ಬೈಸಿಕೊಂಡಿದ್ದೆ. ಆದರೂ ಆ ಸಾಲಿನ ಕೆಳಗೆ ನನ್ನ ಹೆಸರನ್ನು ನಾನೇ ಬರೆಯಲಾರದೆ ಹೋದೆ. "ನಂಗೆ ಬರಲ್ಲಪ್ಪ" ಎಂದು ಹೆಬ್ಬೆಟ್ಟು ಒತ್ತಿದೆ. ಅವತ್ತು ಹೇಳಿದ ಎರಡನೆಯ ಸುಳ್ಳು ಅದು.

ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನನಗೆ ಯಾರೂ ಅನ್ಯಾಯ ಮಾಡಿಲ್ಲ. ಅವತ್ತು ಅವಳು ಒಂದು ರಾತ್ರಿ ಕೇಳಿದಳು, ನಾನು ಕೊಡಲಿಲ್ಲ. ಈಗ ಪೂರ್ತಿ ಕೊಟ್ಟೆ ಎಂದುಕೊಂಡರೆ ಮನಸ್ಸು ಒಂದಿಷ್ಟು ಸಮಾಧಾನವಾಗುತ್ತದೆ. ಒಂದಿಷ್ಟೇ, ಜಾಸ್ತಿ ಇಲ್ಲ.

ಮಳೆ ಶುರುವಾಗುವ ಮೊದಲು ಬಂದುಬಿಡು. ಬಂದ ಮೇಲೆ ಕೆಲವು ಮಾತು ನೆನಪಿಟ್ಟುಕೋ, ದಾರ್ಮೊ ಬೇಲಿಯ ಹತ್ತಿರವೇ ಕಿವಿ ಇಟ್ಟುಕೊಂಡಿರುತ್ತಾನೆ. ಬಸ್ಸಿಳಿದು ನೆಟ್ಟಗೆ ಪೊರಕೆಯವ್ವನ ಮನೆಗೆ ಹೋಗು, ಬೀಗದ ಕೈ ಮುಖ್ಯಸ್ಥರ ಹತ್ತಿರ ಇದೆ. ನಮ್ಮ ಮನೆಗೆ ಮಾರನೆಯ ದಿನ ಬಂದರೆ ಸಾಕು, ಎಲ್ಲ ಮನೆಗೂ ಹೋಗುವಂತೆ. ಈದ್ ದಿನ ಮೊದಲು ಅವಳ ಸಮಾಧಿಗೆ ತಲೆಬಾಗು. ನನ್ನ ಮೊಣಕಾಲಿಗೆ ಹಣೆ ಮುಟ್ಟಿಸಲು ಬರಬೇಡ. ಜನರೆದುರಿಗೆ ನನ್ನನ್ನು ಚಿಕ್ಕವ್ವ ಅನ್ನು. ಯಾತಿ ಮಾತ್ರ ಅಜ್ಜಿ ಅಂತಲೇ ಕರೆಯಲಿ. ಊರಿನ ಮಕ್ಕಳು ಎಲ್ಲ ಮುದುಕಿಯರನ್ನೂ ಅಜ್ಜಿ ಅನ್ನುತ್ತವೆ, ಅದಕ್ಕೆ ದಾರ್ಮೊ ಏನೂ ಮಾಡಲಾರ.

ನಿನ್ನ ಮೊದಲ ನಾಟಿಗೆ ನನ್ನನ್ನು ಕೂಲಿಗೆ ಕರೆ. ಸಾಲು ಇನ್ನೂ ನೆಟ್ಟಗೇ ಹಾಕುತ್ತೇನೆ. ಕೊಯ್ಲಿನ ದಿನ ಬೇರೆ ಹೆಂಗಸರಿಗೆ ಕೊಡುವಷ್ಟೇ ಪಾಲು ನನಗೂ ಕೊಡು. ಒಂದು ಕಟ್ಟು ಜಾಸ್ತಿ ಕೊಟ್ಟೆಯೋ, ಎಲ್ಲರೆದುರಿಗೂ ವಾಪಸ್ಸು ಎಸೆದುಬಿಡುತ್ತೇನೆ.

ನಿನ್ನ ಗದ್ದೆಗೆ ನೀರು ತಪ್ಪದಿರಲಿ. ಯಾತಿ ನಿನ್ನ ಪಕ್ಕದಲ್ಲಿ ಬೆಚ್ಚಗೆ ಮಲಗಲಿ. ನನ್ನ ಪಾಲಿನ ಆಯಸ್ಸು ಏನಾದರೂ ಉಳಿದಿದ್ದರೆ ಅದೂ ನಿಮ್ಮಿಬ್ಬರಿಗೇ ಇರಲಿ.

ಇಂತು,
ಪಕ್ಕದ ಮನೆಯ
ಕಸಿನೆಮ್

ಇಷ್ಟು ಬರೆದು ಲಕೋಟೆ ಅಂಟಿಸಲು ಗಂಜಿ ಕಲಸಿದೆ. ಅಂಟಿಸಲು ಆಗಲಿಲ್ಲ, ಇನ್ನೊಂದು ಮಾತಿದೆ. ಪೊರಕೆಯವ್ವ ಹೋದ ಮೂರನೆಯ ದಿನ ಅವಳ ಎಲೆಅಡಿಕೆಯ ಪೆಟ್ಟಿಗೆ ತೊಳೆಯುವಾಗ ಸುಣ್ಣದ ಡಬ್ಬಿಯ ಅಡಿಯಲ್ಲಿ ಆ ತೂತುಕಾಸು ಸಿಕ್ಕಿತು. ಕೆಂಪು ದಾರ ಪೋಣಿಸಿ ಇಟ್ಟಿದ್ದಳು. ಮೂವತ್ತೊಂದು ವರ್ಷ ಅದನ್ನು ಖರ್ಚು ಮಾಡಿರಲಿಲ್ಲ. "ಕೊಂಡ್ಕೊಂಡಿಲ್ಲ" ಎಂದು ನಾನು ಬಾಗಿಲಲ್ಲಿ ನಿಂತು ಹೇಳುವಾಗ ಅದು ನನ್ನ ಸೊಂಟದ ಗಂಟಿನಲ್ಲೇ ಇತ್ತು. ಕಾಲುವೆಗೆ ಎಸೆದುಬಿಡೋಣ ಎಂದು ಎರಡು ಸಲ ಹೋಗಿ ಬಂದೆ. ಈಗ ಯಾತಿಗೆ ಕಳಿಸಿರುವ ರವಿಕೆಯ ಅಂಚಿನಲ್ಲಿ ಹೊಲಿದಿದ್ದೇನೆ. ಬಿಚ್ಚಿ ತೆಗೆದುಕೋ, ಯಾರಿಗೂ ತೋರಿಸಬೇಡ.

ನಿನ್ನ ಪೊರಕೆಯವ್ವನ ಚಟ್ಟವನ್ನು ಎತ್ತಿ ಹಿಡಿದಾಗ ನೀನು ಯಾತಿಯ ಕೈ ಹಿಡಿದು ಅದರ ಕೆಳಗೆ ಮೂರು ಸಲ ಹಾದೆ. ನಾನು ಹೆಂಗಸರ ಜೊತೆ ನಿಂತು ನೋಡುತ್ತಿದ್ದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ. ಇರಲಿ, ನನ್ನ ಸರದಿ ಬಂದಾಗ ನನಗೂ ಹೀಗೇ ಹಾಯುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೆಬ್ಬೆಟ್ಟು ಒತ್ತುವಾಗ ಇದು ನೆನಪಿಗೆ ಬರಲಿಲ್ಲ. ಮನೆಗೆ ಬಂದು ಮಸಿ ತೊಳೆಯುವಾಗ ಬಂತು. ಹಾಗೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ.

ನನ್ನನ್ನು ಎತ್ತುವ ದಿನ ನೀನು ಕೆಳಗೆ ಹಾಯಬೇಡ. ನಿನ್ನ ಅಣ್ಣ ಹಾಯಲಿ, ಅವನ ಮಕ್ಕಳು ಹಾಯಲಿ. ನೀನು ನೆರೆಮನೆಯವರ ಸಾಲಿನಲ್ಲಿ ನಿಂತಿರು. ಜೋರಾಗಿ ಅಳಬೇಡ, ದಾರ್ಮೊ ನೋಡುತ್ತಿರುತ್ತಾನೆ. ಆ ಕಾಸನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡಿರು, ಮಗಳೇ. ನಿನ್ನನ್ನು ನಾನು ಕೊಂಡುಕೊಂಡಿದ್ದೆ.