ಲೆಕ್ಕಕ್ಕಿಲ್ಲದ ಅಕ್ಕ

ಮಾರ್ಚ್ ೬, ೨೦೧೬. ಭಾನುವಾರ

ಡ್ಯೂಟಿಯಿಂದ ಬಂದು ಜೋಳದ ಹಿಟ್ಟು ನಾದುತ್ತಿದ್ದೆ. ತಮ್ಮ ಬಸವಪ್ರಭು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಇಲ್ಲಿ ಗಲ್ಫಿನಲ್ಲಿ ಕಚ್ಚಾ ಎಣ್ಣೆಯ ರೇಟು ಬಿದ್ದಿದೆ, ಅವನ ಕಂಪನಿ ಹೊಸ ರೂಲ್ ತಂದಿದೆ — ಹೆಂಡತಿ ಮಕ್ಕಳ ಹೊರತು ದುಡಿಯುವ ಇನ್ನೊಬ್ಬರು ಮನೆಯಲ್ಲಿದ್ದರೆ ಹೌಸಿಂಗ್ ಅಲೋವೆನ್ಸ್ ಅರ್ಧ. ಆ ಇನ್ನೊಬ್ಬರು ನಾನು. ಹಗಲು ರುಸೈಲಿನ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಲ್ಯಾಬ್ ಕೆಲಸ, ಸಂಜೆ ಇಲ್ಲಿ ರೊಟ್ಟಿ ಕೆಲಸ.

"ಫ್ಯಾಕ್ಟರಿ ಹಾಸ್ಟೆಲಿಗೆ ಹೋಗ್ತೀನಪಾ" ಅಂದೆ.

"ಅಕ್ಕನ್ನ ಹೊರಗ ಹಾಕಿದ ಅಂತ ಮಂದಿ ಆಡ್ಕೊಳ್ಳಾಕ? ಸುಮ್ಮನಿರು. ಏನರ ಮಾಡ್ತೀನಿ."

ಮಂದಿಯ ಚಿಂತೆ ಅವನಿಗೆ. ಇರಲಿ.

ಮಾರ್ಚ್ ೧೦. ಗುರುವಾರ

ಸಿಟ್ಟು.

ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಚೆಕ್ ಮಾಡಲು ಪ್ರಭುವಿನ ಕಂಪನಿಯ ಎಚ್‌ಆರ್‌ನ ವಾಲ್ಟರ್ ಬಂದರು. ಮಂಗಳೂರಿನವರು. ಚಹಾ ತಂದೆ. "ಇವರು ಯಾರು?" ಅಂದರು.

ಪ್ರಭು ನನ್ನ ಮುಖ ನೋಡಲಿಲ್ಲ. "ಮನಿ ಕೆಲಸದಾಕಿ ರೀ."

"ಊರಿನವರೇ ಸಿಕ್ಕಿದ್ದಾ? ಪುಣ್ಯ ಮಾರಾಯ್ರೆ ನಿಮ್ದು!"

ತಮ್ಮನ ಹೆಂಡತಿ ಅಂಜಲಿ, ಇಷ್ಟು ದಿನ 'ಅಕ್ಕಾರ' ಬಿಟ್ಟು ಕರೆಯದವಳು, "ಏ ಉಮಾ, ಬಿಸ್ಕೀಟ್ ತಗೊಂಡ್ ಬಾ" ಅಂದಳು. ತಂದುಕೊಟ್ಟೆ. ನಾನೂ ಎಂಥ ಕತ್ತೆ!

ಮನೆಕೆಲಸದವರನ್ನು ಎಣಿಸುವುದಿಲ್ಲವಂತೆ. ಉಣ್ಣುತ್ತಾರೆ, ಮಲಗುತ್ತಾರೆ, ಸಂಡಾಸಿಗೆ ಹೋಗುತ್ತಾರೆ... ಆದರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಾರ್ಚ್ ೧೧. ಶುಕ್ರವಾರ

ಒಲೆ ಹಚ್ಚಲಿಲ್ಲ. ಹೋಟೆಲ್ ಪರೋಟ ತರಿಸಿಕೊಂಡು ತಿಂದರು.

"ಒಂದ ಮಾತಿಗೆ ಎಷ್ಟ್ ಸಿಟ್ಟು ಮಾಡ್ತಿ ಅಕ್ಕ? ಖರೇ ಗೊತ್ತಾದ್ರ ನನ್ನ ನೌಕರಿನ ಖಲಾಸ್."

ಅವನ ನೌಕರಿ ಹೋಗಬಾರದು. ಅದಕ್ಕೇ ಬಾಯಿ ಮುಚ್ಚಿದ್ದೇನೆ. ಕ್ಷಮಿಸಿಲ್ಲ.

ಮಾರ್ಚ್ ೨೪. ಗುರುವಾರ

ವಾಲ್ಟರ್ ಫೋನ್. ಹೆಂಡತಿಗೆ ಹೆರಿಗೆಯಾಗಿದೆ. ಮುಂದಿನ ಶುಕ್ರವಾರ ಮನೆ ಒರೆಸಲು "ನಿಮ್ಮ ಉಮಾ"ಳನ್ನು ಕಳಿಸುತ್ತೀರಾ ಎಂದು. ಪ್ರಭು ಹೂಂ ಅಂದುಬಿಟ್ಟ!

"ಒಂದ ದಿನ ಅಕ್ಕ. ಒಲ್ಲೆ ಅಂದ್ರ ಸಂಶಯ ಬರತೈತಿ."

ನಾನು ಬಡಿದ ರೊಟ್ಟಿ ಮುರಿಯುತ್ತ ಹೇಳಿದ. ತಟ್ಟೆ ಕಸಿದುಕೊಂಡೆ. ಸಾಕು ಈ ಮನೆ.

ಮಾರ್ಚ್ ೩೧. ಗುರುವಾರ, ಸಂಜೆ

ಹಾಸ್ಟೆಲಿನಲ್ಲಿ ಮಂಚ ಸಿಕ್ಕಿದೆ. ಬಟ್ಟೆ ಕಟ್ಟಿ ಟ್ಯಾಕ್ಸಿಗೆ ಕಾಯುತ್ತಿದ್ದೇನೆ. ಈಗಷ್ಟೇ ಪ್ರಭು ಬಂದು ನಿಂತ. ಹೋಗಬೇಡ ಅನ್ನುತ್ತಾನೆ ಅಂದುಕೊಂಡೆ.

"ನಾಳೆ ವಾಲ್ಟರಿಗೆ ಏನ್ ಹೇಳ್ಲಿ ಅಕ್ಕ?"

ಮೈಯೆಲ್ಲ ಉರಿದುಹೋಯಿತು.

"ಕೆಲಸದಾಕಿ ಓಡಿಹೋದ್ಲು ಅಂತ ಹೇಳು!"

ಈಗಲಾದರೂ ಅಳುತ್ತಾನೆ, ತಪ್ಪಾಯಿತು ಅನ್ನುತ್ತಾನೆ... ಇಲ್ಲ. ಅವನ ಮುಖ ಹಗುರಾಯಿತು.

"ಹೌದಲಾ... ಅದ ಚಲೋ ಆತು."

ಒಳಗೆ ಹೋಗಿ ಅಂಜಲಿಗೂ ಹೇಳುತ್ತಿದ್ದಾನೆ. ಕೇಳಿಸುತ್ತಿದೆ. ಇಬ್ಬರೂ ಕೂಡಿ, ನಾನು ಎಷ್ಟು ಹೊತ್ತಿಗೆ ಓಡಿಹೋದೆ ಎಂದು ಕತೆ ಹೊಂದಿಸುತ್ತಿದ್ದಾರೆ.